ದೊಡ್ಡ ಗಾಡಿ ಗೊತ್ತು ಮಾಡುವ ಮುನ್ನ



"ದೇಶ ಸುತ್ತಿ ನೋಡು, ಕೋಶ ಓದಿ ನೋಡು" ಎಂಬ ಗಾದೆಯನ್ನು ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿಯೇ ಇರುತ್ತೀರಿ. ಕೋಶ ಓದುವ ವಿಷಯದಲ್ಲಿ ನಿಮ್ಮನ್ನು ಆಕ್ಷೇಪಿಸಲು ನಮ್ಮ ಬಳಿ ಬೇಕಾದಷ್ಟು ಕಾರಣಗಳಿವೆ. ದೇಶ ಸುತ್ತುವ ಉತ್ಸಾಹದಲ್ಲಿ ಮಾತ್ರ ನೀವು ನಮ್ಮನ್ನು ಮೀರಿಸಿದ್ದೀರಿ. ಕಳೆದ ರಾಜ್ಯೋತ್ಸವದ ದಿನ ಊಟದ ಪಂಕ್ತಿ ಎದ್ದ ಮೇಲೆ ನೀವು ಏಳೆಂಟು ಮಂದಿ ಮೂಲೆಯಲ್ಲಿ ಕುಳಿತು, ಮುಂದಿನ ಪೂಜಾ ರಜೆಗೆ ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಭೂತಾನಕ್ಕೆ ಹೋಗೋಣ ಎಂದು ಮಾತಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿತ್ತು. "ಗಾಡಿ ಯಾರು ನೋಡ್ತಾರಪ್ಪ?" ಎಂದು ಕೇಳಿದೆ. "ಹೋಯೆ ಜಾಬೆ, ಅಂಕಲ್!" ಎಂದು ಒಕ್ಕೊರಲಿನಿಂದ ನಕ್ಕಿರಿ.

ಆಗುತ್ತದೆ, ಖಂಡಿತ ಆಗುತ್ತದೆ. ಆದರೆ ಅದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ. ಆದದ್ದೇನು ಎಂಬುದನ್ನು ನಿಮಗೆ ಹೇಳದಿದ್ದರೆ ತಪ್ಪಾದೀತು ಎನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಬಂದ ಊರು

ಮೊದಲು ಒಂದು ಸ್ವಾರಸ್ಯದ ಸಂಗತಿ. ನೀವು ಹುಟ್ಟಿ ಬೆಳೆದ ಈ ಕೋಲ್ಕತ್ತಕ್ಕೆ ಲಂಡನ್ನಿನಿಂದ ನೇರವಾಗಿ ಬಸ್ಸು ಬರುತ್ತಿತ್ತೆಂದರೆ ನಂಬುತ್ತೀರಾ? 1957ರ ಏಪ್ರಿಲ್ 15ರಂದು 'ಇಂಡಿಯಾಮನ್' ಎಂಬ ಬಸ್ಸು ಲಂಡನ್ ಬಿಟ್ಟು, ಫ್ರಾನ್ಸ್, ಇಟಲಿ, ಯುಗೊಸ್ಲಾವಿಯ, ಬಲ್ಗೇರಿಯ, ಟರ್ಕಿ, ಇರಾನ್, ಪಾಕಿಸ್ತಾನಗಳನ್ನು ಹಾದು ಜೂನ್ 5ಕ್ಕೆ ಕಲ್ಕತ್ತ ಸೇರಿತು. ಒಂದು ಕಡೆಯ ಟಿಕೆಟ್ಟಿಗೆ 85 ಪೌಂಡು. ಅದಕ್ಕೂ ಮೊದಲೇ, 1933ರಿಂದಲೇ, ಇಲ್ಲಿಯ ಕುಂಡು ಸ್ಪೆಷಲ್‌ನವರು ಅಡಿಗೆಯವರನ್ನೂ ಪಾತ್ರೆ ಪಡಗವನ್ನೂ ಜೊತೆಗೆ ಕಟ್ಟಿಕೊಂಡು ಬಂಗಾಳಿ ಕುಟುಂಬಗಳನ್ನು ರೈಲಿನಲ್ಲಿ ದೇಶ ಸುತ್ತಿಸುತ್ತಿದ್ದರು. ಗುಂಪು ಕಟ್ಟಿಕೊಂಡು ತಿರುಗುವುದು ಈ ಊರಿನ ಮಣ್ಣಿನ ಗುಣ. ಅದು ನಿಮಗೆ ಅಂಟಿದ್ದರೆ ಆಶ್ಚರ್ಯವೇನೂ ಇಲ್ಲ.

ಮೇಲಾಗಿ, ನಮ್ಮಷ್ಟು ಹತ್ತಿರದಲ್ಲಿ ಮೂರು ಹೊರದೇಶಗಳನ್ನು ಇಟ್ಟುಕೊಂಡ ಕನ್ನಡಿಗರು ಕಡಿಮೆ. ಬೆಂಗಳೂರಿನ ನಿಮ್ಮ ಚಿಕ್ಕಪ್ಪನ ಮಕ್ಕಳು ವಿದೇಶಕ್ಕೆ ಹೋಗಬೇಕಾದರೆ ವಿಮಾನ ಹತ್ತಬೇಕು. ನೀವು ಗಾಡಿ ಹತ್ತಿದರೆ ಸಾಕು.

2007ರ ಡಿಸೆಂಬರ್

ಆಗ ನಾವು ನಾಲ್ಕು ಸಂಸಾರದ ಹದಿನೇಳು ಜನ. ಹದಿನೇಳು ಸೀಟಿನ ಟೆಂಪೋ ಟ್ರಾವೆಲರ್ ಒಂದನ್ನು ಕೋಲ್ಕತ್ತದಿಂದಲೇ ಬಾಡಿಗೆಗೆ ಹಿಡಿದೆವು. ಗಾಡಿ ಗೊತ್ತು ಮಾಡುವ ಜವಾಬ್ದಾರಿ ನನ್ನದು. ಗಾಡಿಯವರು, "ಜೈಗಾಂವ್ ತನಕ ಸುಮಾರು 700 ಕಿಲೋಮೀಟರು, ಇಬ್ಬರು ಡ್ರೈವರ್ ಕಳಿಸುತ್ತೇವೆ, ಅಷ್ಟಕ್ಕೆ ಹೆಚ್ಚಿಗೆ ಕೊಡಬೇಕು" ಎಂದರು. ನಾನು ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಲೆಗೆ ಚೌಕಾಸಿ ಮಾಡುವ ಹಾಗೆ ಚೌಕಾಸಿ ಮಾಡಿ, ಒಬ್ಬನೇ ಡ್ರೈವರ್ ಸಾಕೆಂದು ಒಪ್ಪಿಸಿ, ಮನೆಗೆ ಬಂದು ಆ ಉಳಿತಾಯವನ್ನು ದೊಡ್ಡ ಸಾಧನೆಯೆಂಬಂತೆ ಹೇಳಿಕೊಂಡೆ.

ಬಂದವನು ಇಪ್ಪತ್ತನಾಲ್ಕು ವರ್ಷದ ಹುಡುಗ. ಹಿಂದಿನ ರಾತ್ರಿಯಷ್ಟೇ ಇನ್ನೊಂದು ಪ್ರವಾಸ ಮುಗಿಸಿ ಬಂದಿದ್ದ. ಇದನ್ನು ಅವನಾಗಿ ಹೇಳಲಿಲ್ಲ, ನಾನಾಗಿ ಕೇಳಲೂ ಇಲ್ಲ. ಸಂಜೆ ಹೊರಟೆವು. ಕೃಷ್ಣನಗರ ದಾಟುವವರೆಗೆ ಅಂತ್ಯಾಕ್ಷರಿ, ಚಕ್ಕುಲಿ, ಕೋಡುಬಳೆ. ಬಹರಾಂಪುರ ದಾಟುವ ಹೊತ್ತಿಗೆ ಎಲ್ಲರಿಗೂ ನಿದ್ದೆ. ಹೊರಗೆ ಪೌಷದ ದಟ್ಟ ಮಂಜು. ಬೆಳಗಿನ ಜಾವ ಮೂರೂವರೆಯ ಸುಮಾರಿಗೆ, ಫರಕ್ಕಾ ಇನ್ನೂ ಮುಂದಿರುವಾಗಲೇ, ಆ ಹುಡುಗನಿಗೂ ನಿದ್ದೆ ಬಂತು.

ಗಾಡಿ ರಸ್ತೆ ಬಿಟ್ಟು ಇಳಿದು, ಗದ್ದೆಯ ಬದುವಿಗೆ ತಗುಲಿ ವಾಲಿ ನಿಂತಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ನನ್ನ ತಾಯಿಯ ಕುತ್ತಿಗೆಯ ಕೆಳಗಿನ ಎಲುಬು ಮುರಿಯಿತು. ಹುಡುಗ ರಸ್ತೆಯಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅಳುತ್ತಿದ್ದ. ಒಂದು ಕೈ ಎದೆಗೆ ಒತ್ತಿ ಹಿಡಿದುಕೊಂಡಿದ್ದ ನಮ್ಮಮ್ಮ, "ಅವನಿಗೆ ಬಯ್ಯಬೇಡ, ಪಾಪ, ಮೊದಲು ನೀರು ಕೊಡು" ಎಂದಳು. ನಾನು ಬಯ್ಯಲಿಲ್ಲ. ಬಯ್ಯಲು ನನಗೆ ಯೋಗ್ಯತೆಯೂ ಇರಲಿಲ್ಲ. ಎರಡನೆಯ ಡ್ರೈವರನ್ನು ಬೇಡವೆಂದವನು ನಾನೇ ತಾನೆ?

ಅಲ್ಲಿಂದಲೇ ಹಿಂತಿರುಗಿದೆವು. ಅಮ್ಮನ ಎಲುಬು ಕೂಡಿತು. ಆದರೆ ಆಮೇಲೆ ಆಕೆ ರಾತ್ರಿ ಪ್ರಯಾಣಕ್ಕೆ ಒಪ್ಪಲಿಲ್ಲ. "ಭೂತಾನ ಇನ್ನೊಂದು ಸಲ ನೋಡೋಣ ಬಿಡು" ಎನ್ನುತ್ತಿದ್ದಳು. ಆ ಇನ್ನೊಂದು ಸಲ ಬರಲೇ ಇಲ್ಲ. 2015ರಲ್ಲಿ ತೀರಿಕೊಂಡಳು.

ನಿಮ್ಮನ್ನು ಹೆದರಿಸಲೆಂದು ಇದನ್ನು ಬರೆದಿಲ್ಲ. ಗಾಡಿ ಗೊತ್ತು ಮಾಡುವವನು ಹಣದ ಲೆಕ್ಕವನ್ನಷ್ಟೇ ಅಲ್ಲ, ಎಲ್ಲರ ಜೀವದ ಜವಾಬ್ದಾರಿಯನ್ನೂ ಹೊತ್ತಿರುತ್ತಾನೆ ಎಂಬುದು ನಿಮಗೆ ಮೊದಲೇ ತಿಳಿದಿರಲಿ ಎಂದು.

ತಲೆ ಎಣಿಸಿದರೆ ಸಾಲದು

ಹದಿನೇಳು ಜನಕ್ಕೆ ಹದಿನೇಳು ಸೀಟು ಎಂಬುದು ನನ್ನ ಮೊದಲ ತಪ್ಪು. ಹದಿನೇಳು ಜನರೊಡನೆ ಇಪ್ಪತ್ತು ಪೆಟ್ಟಿಗೆ, ಎರಡು ನೀರಿನ ಕ್ಯಾನು, ಒಂದು ತಿಂಡಿಯ ಡಬ್ಬಿಗಳ ಗಂಟು, ಒಬ್ಬ ಕ್ಲೀನರ್ ಇವರೂ ಇದ್ದರು. ಕ್ಲೀನರ್ ಎಂದರೆ ಇಲ್ಲಿಯವರು ಖಲಾಸಿ ಎನ್ನುತ್ತಾರಲ್ಲ, ಅವನೇ. ಸಾಮಾನು ನಡುವಿನ ದಾರಿಗೆ ಬಂತು. ಗಾಡಿ ವಾಲಿದಾಗ ಬಾಗಿಲಿನ ತನಕ ಹೋಗಲು ಪೆಟ್ಟಿಗೆಗಳ ಮೇಲೆ ಹತ್ತಿ ಇಳಿಯಬೇಕಾಯಿತು.

ಆದ್ದರಿಂದ ಜನಕ್ಕಿಂತ ಮೂರು ನಾಲ್ಕು ಸೀಟು ಹೆಚ್ಚಿರುವ ಗಾಡಿಯನ್ನೇ ನೋಡಿ. ಹದಿನಾರು ಹದಿನೇಳು ಜನರಿದ್ದರೆ ಇಪ್ಪತ್ತು ಸೀಟಿನದು. ಇಪ್ಪತ್ತು ದಾಟಿದರೆ ಇಪ್ಪತ್ತಾರು ಸೀಟಿನದು ಅಥವಾ ಮಿನಿಬಸ್ಸು. ಹಿಂದುಗಡೆ ಸಾಮಾನಿಗೆ ಬೇರೆ ಜಾಗವಿದೆಯೇ, ಪ್ರತಿ ಸೀಟಿಗೂ ಬೆಲ್ಟ್ ಇದೆಯೇ, ಸ್ಟೆಪ್ನಿ ಸರಿಯಿದೆಯೇ, ಹಿಂಬದಿಯ ತುರ್ತು ಬಾಗಿಲು ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಿ. ಫೋಟೋದಲ್ಲಿ ತೋರಿಸುವ ಗಾಡಿ ಒಂದು, ಹೊರಡುವ ದಿನ ಬರುವ ಗಾಡಿ ಇನ್ನೊಂದು ಆಗುವುದು ಅಪರೂಪವಲ್ಲ. ಮುಂಗಡ ಕೊಡುವಾಗ ರಸೀದಿಯಲ್ಲಿ ಗಾಡಿಯ ನಂಬರನ್ನೇ ಬರೆಸಿಕೊಳ್ಳಿ.

ಹಳದಿ ಬೋರ್ಡು, ಬಿಳಿ ಬೋರ್ಡು

ಬಾಡಿಗೆಗೆ ಓಡುವ ಗಾಡಿಯ ನಂಬರ್ ಫಲಕ ಹಳದಿಯದು, ಅದರ ಮೇಲೆ ಕಪ್ಪು ಅಕ್ಷರ. ನೀವೇ ಓಡಿಸಲು ಬಾಡಿಗೆಗೆ ಸಿಗುವ ಗಾಡಿಯದು ಕಪ್ಪು ಫಲಕ, ಹಳದಿ ಅಕ್ಷರ. ಬಿಳಿ ಫಲಕವೆಂದರೆ ಸ್ವಂತ ಬಳಕೆಯ ಗಾಡಿ. "ಪರಿಚಯದವರ ಗಾಡಿ, ಅರ್ಧ ಬಾಡಿಗೆಗೆ ಸಿಗುತ್ತದೆ" ಎಂದು ಯಾರಾದರೂ ಬಿಳಿ ಬೋರ್ಡಿನ ಗಾಡಿ ತೋರಿಸಿದರೆ ಕೈಮುಗಿದು ಬನ್ನಿ. ಅದನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ. ಏನಾದರೂ ಆದರೆ ವಿಮೆಯವರೂ ಕೈ ಎತ್ತಬಹುದು.

ಹಳದಿ ಬೋರ್ಡಿದ್ದ ಮಾತ್ರಕ್ಕೂ ಮುಗಿಯಲಿಲ್ಲ. ಕೇಳಬೇಕಾದ ಕಾಗದಗಳು ಇವು: ಫಿಟ್ನೆಸ್ ಪತ್ರ, ಪರ್ಮಿಟ್, ವಿಮೆ, ಹೊಗೆ ತಪಾಸಣೆಯ ಪತ್ರ, ಡ್ರೈವರನ ಲೈಸೆನ್ಸ್. ಎಂಟು ವರ್ಷದೊಳಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ ಪ್ರತಿ ವರ್ಷ ಫಿಟ್ನೆಸ್ ಆಗಬೇಕು. ರಾಜ್ಯ ರಾಜ್ಯ ದಾಟುವ ಗಾಡಿಗೆ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರಬೇಕು. ಇದರ ಹೊಸ ನಿಯಮಗಳು 2023ರಲ್ಲಿ ಬಂದಿವೆ. ಗಾಡಿಯಲ್ಲಿ ಪ್ರಯಾಣಿಕರ ಹೆಸರಿನ ಪಟ್ಟಿ ಇರಲೇಬೇಕು. ನಮ್ಮ ಕಾಲದಲ್ಲಿ ಈ ಕಾಗದಗಳನ್ನು ಪರಿಶೀಲಿಸುವುದೆಂದರೆ ಆರ್‌ಟಿಓ ಕಚೇರಿಗೆ ಅಲೆಯಬೇಕಿತ್ತು. ನಿಮ್ಮ ಕೈಯಲ್ಲಿ ಮೊಬೈಲ್ ಇದೆ. ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ಗಾಡಿಯ ನಂಬರ್ ಹಾಕಿದರೆ ಫಿಟ್ನೆಸ್ಸೂ ವಿಮೆಯೂ ಎಂದಿನವರೆಗೆ ಎಂಬುದು ತಿಳಿಯುತ್ತದೆ. ಎರಡು ನಿಮಿಷದ ಕೆಲಸ.

ಗಡಿ ದಾಟುವವರು ನೋಡಲೇಬೇಕಾದ ಇನ್ನೊಂದು ವಿಷಯವಿದೆ. ನಮ್ಮ ವಾಹನ ವಿಮೆ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ ನಡೆಯುತ್ತದೆ. ನೇಪಾಳ, ಭೂತಾನ, ಬಾಂಗ್ಲಾದೇಶಗಳಿಗೆ ಅದನ್ನು ವಿಸ್ತರಿಸಬೇಕಾದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಬರೆಸಿಕೊಳ್ಳಬೇಕು. "ಇದೆ ಸಾರ್" ಎಂಬ ಬಾಯಿಮಾತನ್ನು ನಂಬದೆ, ಬರಹದಲ್ಲಿ ನೋಡಿ.

ಡ್ರೈವರ್ ಕೂಡ ಮನುಷ್ಯನೇ

ಒಂದು ಸಣ್ಣ ಲೆಕ್ಕ ಹಾಕಿ. ಕೋಲ್ಕತ್ತದಿಂದ ಜೈಗಾಂವ್‌ಗೆ ಸುಮಾರು 700 ಕಿ.ಮೀ. ಊರು, ಸಂತೆ, ಫರಕ್ಕಾದ ಲಾರಿಗಳ ಸಾಲು ಎಲ್ಲವನ್ನೂ ಸೇರಿಸಿ ಗಂಟೆಗೆ ಸರಾಸರಿ 45 ಕಿ.ಮೀ. ಹಿಡಿದರೂ ಹದಿನೈದೂವರೆ ಗಂಟೆ. 1961ರಷ್ಟು ಹಿಂದೆಯೇ ನಮ್ಮ ದೇಶದ ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ ಎಂಟು ಗಂಟೆಯ ಮಿತಿ ಹಾಕಿತ್ತು. ಯೂರೋಪಿನಲ್ಲಿ ಪ್ರವಾಸಿ ಬಸ್ಸಿನ ಚಾಲಕ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಮಿಸಲೇಬೇಕು. ದಿನಕ್ಕೆ ಒಂಬತ್ತು ಗಂಟೆ ಮಾತ್ರ. ವಾರದಲ್ಲಿ ಎರಡು ದಿನ ಹತ್ತು. ಇದನ್ನು ಗಾಡಿಯೊಳಗಿನ ಯಂತ್ರವೇ ದಾಖಲಿಸುತ್ತದೆ. ನಮ್ಮ ಬಾಡಿಗೆ ಗಾಡಿಯಲ್ಲಿ ಆ ಲೆಕ್ಕ ಇಡುವವರು ನೀವೇ ಆಗಬೇಕು.

ಆದ್ದರಿಂದ ಇಷ್ಟನ್ನು ಕಟ್ಟುನಿಟ್ಟಾಗಿ ಪಾಲಿಸಿ. ರಾತ್ರಿ ಹನ್ನೊಂದರಿಂದ ಬೆಳಗಿನ ಐದರವರೆಗೆ ಗಾಡಿ ನಿಲ್ಲಲಿ. ಒಂದೇ ದಿನದಲ್ಲಿ ದೂರ ಕ್ರಮಿಸಲೇಬೇಕಾದರೆ ಇಬ್ಬರು ಡ್ರೈವರ್ ಇರಲಿ. ಹೊರಡುವ ಮೊದಲು, "ನಿನ್ನೆ ಎಲ್ಲಿದ್ದಿರಿ ದಾದಾ? ನಿದ್ದೆ ಆಯಿತೇ?" ಎಂದು ಕೇಳಿ. ನಿಮಗೆ ಬಂಗಾಳಿ ಮಾತೃಭಾಷೆಯಷ್ಟೇ ಸಲೀಸು, ನಮ್ಮ ಹಾಗೆ ತಡವರಿಸಬೇಕಾಗಿಲ್ಲ. ನಿಮಗೆ ಹೋಟೆಲು ಕಾದಿರಿಸುವಾಗ ಅವರಿಗೂ ಮಲಗಲು ಜಾಗ ಕೇಳಿ. ಚಳಿಯ ಊರಿನಲ್ಲಿ ಡ್ರೈವರ್ ಸೀಟಿನಲ್ಲೇ ಮುದುಡಿ ಮಲಗಿದವನಿಂದ ಮರುದಿನ ಘಟ್ಟದ ರಸ್ತೆಯಲ್ಲಿ ಎಚ್ಚರವನ್ನು ನಿರೀಕ್ಷಿಸಬೇಡಿ.

ಬಾಡಿಗೆಯ ಮಾತು

ದಿನಕ್ಕಿಷ್ಟು ಎಂದು ಹೇಳುವಾಗ ಅದರೊಳಗೆ ಏನೇನಿದೆ ಎಂದು ಬಿಡಿಸಿ ಕೇಳಿ. ಡೀಸೆಲ್, ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ, ರಾತ್ರಿ ತಂಗುವ ಖರ್ಚು, ಪರ್ಮಿಟ್ ಶುಲ್ಕ ಇವೆಲ್ಲ ಸೇರಿವೆಯೇ? ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರಿನ ಲೆಕ್ಕ? ಕಿಲೋಮೀಟರು ನಿಮ್ಮ ಮನೆ ಬಾಗಿಲಿನಿಂದ ಶುರುವೋ, ಅವರ ಗ್ಯಾರೇಜಿನಿಂದಲೋ? ಗಾಡಿ ಕೆಟ್ಟರೆ ಬದಲಿ ಗಾಡಿ ಯಾರು ಕೊಡುತ್ತಾರೆ? ಪ್ರವಾಸ ರದ್ದಾದರೆ ಮುಂಗಡದಲ್ಲಿ ಎಷ್ಟು ವಾಪಸು? ಇದೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ದಾರಿಯಲ್ಲಿ ಜಗಳವಿಲ್ಲ. ಚೌಕಾಸಿ ಬೇಕಾದರೆ ಮಾಡಿ. ಪುಶ್‌ಬ್ಯಾಕ್ ಸೀಟು ಬೇಡ, ಟಿ.ವಿ. ಬೇಡ, ಹಾಡಿನ ಪೆಟ್ಟಿಗೆ ಬೇಡ ಎನ್ನಿ. ಡ್ರೈವರನ ನಿದ್ದೆಯ ಮೇಲೆ, ಟೈರಿನ ಮೇಲೆ ಮಾತ್ರ ಚೌಕಾಸಿ ಮಾಡಬೇಡಿ.

ಮೂರು ಗಡಿಗಳು

ಭೂತಾನ: 1958ರಲ್ಲಿ ಪ್ರಧಾನಿ ನೆಹರೂ ಭೂತಾನಕ್ಕೆ ಹೋದಾಗ ಮೋಟಾರು ರಸ್ತೆಯೇ ಇರಲಿಲ್ಲ, ನಾಥುಲಾ ಮಾರ್ಗವಾಗಿ ಕುದುರೆ, ಯಾಕ್‌ಗಳ ಮೇಲೆ ಸಾಗಿದರು. 1961ರಲ್ಲಿ ಆರಂಭವಾದ ನಮ್ಮ ಗಡಿ ರಸ್ತೆ ಸಂಸ್ಥೆಯ 'ದಂತಕ್' ಯೋಜನೆ ಫುಂಟ್‌ಶೋಲಿಂಗ್‌ನಿಂದ ಥಿಂಫುವಿಗೆ ರಸ್ತೆ ಕಡಿಯಿತು. ಸುಮಾರು 300 ಮೀಟರ್ ಎತ್ತರದಿಂದ 2,300 ಮೀಟರ್ ಎತ್ತರಕ್ಕೆ ಏರುವ ಈ ರಸ್ತೆಗೆ ಬಯಲುಸೀಮೆಯ ಡ್ರೈವರ್‌ಗಿಂತ ಅಲ್ಲಿಯವರೇ ಮೇಲು.

ನನ್ನ ಸಲಹೆ ಇದು: ಕೋಲ್ಕತ್ತದಿಂದ ಗಾಡಿ ಹಿಡಿಯಲೇ ಬೇಡಿ. ಸಿಯಾಲ್ದಾದಿಂದ ಕಾಂಚನಕನ್ಯಾ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟರೆ ಮರುದಿನ ಹಾಸಿಮಾರಾದಲ್ಲಿ ಇಳಿಯಬಹುದು. ಅಲ್ಲಿಂದ ಗಡಿಗೆ ಸುಮಾರು 18 ಕಿ.ಮೀ. ಮಾತ್ರ. ಅಜ್ಜ ಅಜ್ಜಿ ರೈಲಿನಲ್ಲಿ ಕಾಲು ಚಾಚಿ ಮಲಗುತ್ತಾರೆ. ಗಡಿ ದಾಟಿದ ಮೇಲೆ ಭೂತಾನದ ನೋಂದಣಿಯ ಮಿನಿಬಸ್ಸು ಹಿಡಿಯಿರಿ. ಹೊರಗಿನ ಗಾಡಿ ಒಳಕ್ಕೆ ಒಯ್ದರೆ ದಿನಕ್ಕಿಷ್ಟು ಎಂದು ಬೇರೆ ಶುಲ್ಕ ತೆರಬೇಕಾಗುತ್ತದೆ.

ಜೊತೆಗೆ ಪ್ರವಾಸಿಗರ ಮೇಲಿನ ಶುಲ್ಕವೂ ಉಂಟು. 2022ರ ಸೆಪ್ಟೆಂಬರಿನಿಂದ ಭಾರತೀಯರು ತಲಾ ರಾತ್ರಿಗೆ 1,200 ರೂಪಾಯಿ 'ಸುಸ್ಥಿರ ಅಭಿವೃದ್ಧಿ ಶುಲ್ಕ' ಕೊಡಬೇಕು. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅರ್ಧ, ಅದಕ್ಕೂ ಚಿಕ್ಕವರಿಗೆ ಇಲ್ಲ. ಇಪ್ಪತ್ತು ಜನ ದೊಡ್ಡವರು ಐದು ರಾತ್ರಿ ಇದ್ದರೆ ಇದೊಂದೇ 1,20,000 ರೂಪಾಯಿ! ಗಾಡಿಯ ಬಾಡಿಗೆಗಿಂತ ಮೊದಲು ಈ ಲೆಕ್ಕವನ್ನು ಮನೆಯಲ್ಲಿ ಹೇಳಿಬಿಡಿ. ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು, ಆಧಾರ್ ನಡೆಯುವುದಿಲ್ಲ. ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ. ಅಜ್ಜನ ಮತದಾರರ ಚೀಟಿಯಲ್ಲಿ ಹೆಸರಿನ ಅಕ್ಷರಗಳು ಸರಿಯಾಗಿವೆಯೇ ಎಂದು ಇವತ್ತೇ ನೋಡಿ. ಕನ್ನಡದ ಹೆಸರು ಬಂಗಾಳಿ ಗುಮಾಸ್ತರ ಕೈಯಲ್ಲಿ ಏನಾಗುತ್ತದೆಂಬುದು ನಿಮಗೆ ಗೊತ್ತೇ ಇದೆ.

ನೇಪಾಳ: ಸಿಲಿಗುಡಿಯಿಂದ ಪಾನಿಟಂಕಿಗೆ ಹೋಗಿ, ಮೇಚಿ ನದಿಯ ಸೇತುವೆ ದಾಟಿದರೆ ಕಾಕರ್‌ಭಿಟ್ಟಾ. ನಮ್ಮ ಗಾಡಿ ಒಳಗೆ ಹೋಗಬಹುದು. ಆದರೆ ಗಡಿಯ ಸುಂಕದ ಕಚೇರಿಯಲ್ಲಿ 'ಭನ್ಸಾರ್' ಚೀಟಿ ಮಾಡಿಸಿ, ಇರುವಷ್ಟು ದಿನಕ್ಕೆ ಹಣ ಕಟ್ಟಬೇಕು. ಚೀಟಿಯ ದಿನ ಮೀರಿದರೆ ದಂಡ. ನೂರು ರೂಪಾಯಿಯ ನೋಟುಗಳನ್ನೇ ಹೆಚ್ಚಾಗಿ ಒಯ್ಯಿರಿ. ನಮ್ಮ ಒಂದು ರೂಪಾಯಿಗೆ ಅಲ್ಲಿಯ 1.60 ಎಂಬ ದರ 1993ರಿಂದಲೂ ಬದಲಾಗಿಲ್ಲ. ಗಡಿಯಾರವನ್ನು ನೇಪಾಳದಲ್ಲಿ ಕಾಲು ಗಂಟೆ, ಭೂತಾನದಲ್ಲಿ ಅರ್ಧ ಗಂಟೆ ಮುಂದಿಡಬೇಕು.

ಬಾಂಗ್ಲಾದೇಶ: ಪೆಟ್ರಾಪೋಲ್ ನಮ್ಮ ಊರಿನಿಂದ ಎಲ್ಲಕ್ಕಿಂತ ಹತ್ತಿರದ ಗಡಿ. ಆದರೆ ಇದಕ್ಕೆ ಪಾಸ್‌ಪೋರ್ಟೂ ವೀಸಾವೂ ಬೇಕು. 1999ರ ಜೂನ್‌ನಲ್ಲಿ ಕೋಲ್ಕತ್ತ-ಢಾಕಾ ಬಸ್ಸು ಶುರುವಾಯಿತೇ ಹೊರತು, ನಾವು ಬಾಡಿಗೆಗೆ ಹಿಡಿದ ಗಾಡಿ ಗಡಿ ದಾಟುವ ಪದ್ಧತಿ ಇಲ್ಲ. ಈ ಬದಿ ಇಳಿದು, ನಡೆದು ದಾಟಿ, ಬೆನಾಪೋಲ್‌ನಲ್ಲಿ ಬೇರೆ ಗಾಡಿ ಹತ್ತಬೇಕು. 2024ರ ಗಲಭೆಗಳ ನಂತರ ರೈಲು, ವೀಸಾಗಳು ಏರುಪೇರಾದದ್ದರಿಂದ ವಿಚಾರಿಸದೆ ಹೊರಡಬೇಡಿ.

ನಾಲ್ಕು ದೇಶಗಳ ಗಾಡಿಗಳು ಸರಾಗವಾಗಿ ಓಡಾಡಲೆಂದು 2015ರ ಜೂನ್ 15ರಂದು ಥಿಂಫುವಿನಲ್ಲೇ ಭಾರತ, ಭೂತಾನ, ನೇಪಾಳ, ಬಾಂಗ್ಲಾದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಮರುವರ್ಷ ಭೂತಾನದ ಮೇಲ್ಮನೆ ಅದನ್ನು ಒಪ್ಪಲಿಲ್ಲ. ಸಣ್ಣ ದೇಶ, ಕಿರಿದಾದ ರಸ್ತೆ, ಕಾಡಿನ ಮೇಲಿನ ಪ್ರೀತಿ. ಥಿಂಫುವಿನಲ್ಲಿ ಇಂದಿಗೂ ಟ್ರಾಫಿಕ್ ದೀಪವಿಲ್ಲ, ಪೊಲೀಸಿನವರ ಕೈಸನ್ನೆಯೇ. ಅಂಥ ಊರಿಗೆ ನಾವು ಅತಿಥಿಗಳಾಗಿ ಹೋಗುತ್ತೇವೆ, ಹಾರ್ನ್ ಬಜಾಯಿಸುತ್ತಾ ಅಲ್ಲ.

ದೂರದೇಶದಲ್ಲಿ ನೀವೇ ಚಾಲಕರಾದರೆ

ನಿಮ್ಮಲ್ಲಿ ಹಲವರು ನಾಳೆ ಅಮೆರಿಕಕ್ಕೋ ಇಂಗ್ಲೆಂಡಿಗೋ ಓದಲು ಹೋಗುವವರು. ಅಲ್ಲಿ ಅಕ್ಕ ಸಮ್ಮೇಳನಕ್ಕೆ ಹೋಗಲು ಗೆಳೆಯರೆಲ್ಲ ಸೇರಿ ಹದಿನೈದು ಸೀಟಿನ ವ್ಯಾನು ಬಾಡಿಗೆಗೆ ಪಡೆಯುವ ಆಸೆಯಾದೀತು. ಒಂದು ವಿಷಯ ನೆನಪಿರಲಿ. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ 2001ರಲ್ಲೇ ಎಚ್ಚರಿಸಿತ್ತು: ಈ ವ್ಯಾನಿನಲ್ಲಿ ಹತ್ತು ಅಥವಾ ಹೆಚ್ಚು ಜನ ಕೂತಾಗ ಅದು ಮಗುಚುವ ಪ್ರಮಾಣ, ಕಡಿಮೆ ಜನರಿದ್ದಾಗಿನದಕ್ಕಿಂತ ಸುಮಾರು ಮೂರು ಪಟ್ಟು. ಜನ ತುಂಬಿದಷ್ಟೂ ಭಾರ ಮೇಲಕ್ಕೂ ಹಿಂದಕ್ಕೂ ಸರಿಯುವುದೇ ಕಾರಣ. ಟಾಪಿನ ಮೇಲೆ ಸಾಮಾನು ಹೇರಿದರೆ ಕಷ್ಟ ಇನ್ನೂ ಹೆಚ್ಚು. ಒಂದು ದೊಡ್ಡ ವ್ಯಾನಿನ ಬದಲು ಎರಡು ಚಿಕ್ಕ ಗಾಡಿ ಲೇಸು. ಬ್ರಿಟನ್ನಿನಲ್ಲಿ 1997ರ ನಂತರ ಕಾರಿನ ಪರೀಕ್ಷೆ ಪಾಸಾದವರು ಒಂಬತ್ತರಿಂದ ಹದಿನಾರು ಜನರ ಮಿನಿಬಸ್ಸು ಓಡಿಸಲು ಸಾಮಾನ್ಯವಾಗಿ ಬೇರೆ ದರ್ಜೆಯ ಲೈಸೆನ್ಸ್ ಪಡೆಯಬೇಕು. ಇಲ್ಲಿಂದ ಒಯ್ಯುವ ಅಂತರರಾಷ್ಟ್ರೀಯ ಪರವಾನಗಿಯನ್ನು ನಮ್ಮ ಆರ್‌ಟಿಓ ಒಂದು ವರ್ಷದ ಅವಧಿಗೆ ಕೊಡುತ್ತದೆ. ಅದು ಕಾರಿನ ಲೈಸೆನ್ಸನ್ನು ಬಸ್ಸಿನದಾಗಿ ಮಾಡುವುದಿಲ್ಲ.

ಗಾಡಿಯೊಳಗಿನ ಕನ್ನಡ

ಇಷ್ಟೆಲ್ಲ ತಾಪತ್ರಯವಿದ್ದರೆ ನಾಲ್ಕು ಕಾರುಗಳಲ್ಲಿ ಹೋಗಬಾರದೇ ಎಂದು ಕೇಳಬಹುದು. ಹೋಗಬಹುದು. ಆದರೆ ದೊಡ್ಡ ಗಾಡಿಯಲ್ಲಿ ಸಿಗುವುದು ಅದರಲ್ಲಿ ಸಿಗದು. ಅಂದು ಕೃಷ್ಣನಗರದವರೆಗಿನ ಆ ಮೂರು ಗಂಟೆಯಲ್ಲಿ ನಮ್ಮಮ್ಮ ತನ್ನ ಮದುವೆಯ ದಿಬ್ಬಣ ಎತ್ತಿನಗಾಡಿಯಲ್ಲಿ ಹೊಳೆ ದಾಟಿದ ಕಥೆ ಹೇಳಿದಳು. ಆ ಕಥೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಮನೆಯಲ್ಲಿ ಕೇಳಲು ಪುರಸೊತ್ತೂ ಇರಲಿಲ್ಲ. ಗಾಡಿಯಲ್ಲಿ ಯಾರೂ ಎದ್ದು ಹೋಗುವಂತಿಲ್ಲ, ಕೇಳಲೇಬೇಕು! ನಿಮ್ಮ ಅಜ್ಜ ಅಜ್ಜಿಯರ ಬಳಿಯೂ ಅಂಥ ಕಥೆಗಳಿವೆ. ಅವು ಕನ್ನಡದಲ್ಲೇ ಇವೆ.

ಅವರನ್ನು ನಡುವಿನ ಸಾಲಿನಲ್ಲಿ ಕೂರಿಸಿ, ಬೆಲ್ಟ್ ನೀವೇ ಹಾಕಿಕೊಡಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಮಾತ್ರೆಯ ಡಬ್ಬಿ ಟಾಪಿನ ಮೇಲಿನ ಪೆಟ್ಟಿಗೆಯಲ್ಲಿ ಬೇಡ, ಕೈಚೀಲದಲ್ಲಿರಲಿ. ಭೂತಾನದಲ್ಲಿ ಅಜ್ಜಿ ಊಟದ ಚಿಂತೆ ಮಾಡಬೇಕಾಗಿಲ್ಲ. ಅಲ್ಲಿಯೂ ಕೆಂಪಕ್ಕಿ ಅನ್ನವೇ. ಮೆಣಸಿನಕಾಯಿಯನ್ನೇ ತರಕಾರಿಯಂತೆ ಚೀಸಿನಲ್ಲಿ ಬೇಯಿಸುವ 'ಎಮಾ ದತ್ಶಿ'ಯನ್ನು ಮಾತ್ರ ಬ್ಯಾಡಗಿ ಮೆಣಸಿನಕಾಯಿ ತಿಂದು ಗೊತ್ತಿದ್ದವರೂ ಮೊದಲು ಚೂರೇ ಬಡಿಸಿಕೊಂಡು ನೋಡುವುದು ಒಳ್ಳೆಯದು.

ಪಾರೋದ ಬಂಡೆಗೆ ಅಂಟಿಕೊಂಡ ತಾಕ್‌ತ್ಸಾಂಗ್ ಮಠಕ್ಕೆ ಗಾಡಿ ಹೋಗುವುದಿಲ್ಲ, ಹತ್ತಿಯೇ ಹೋಗಬೇಕು. 1692ರಲ್ಲಿ ಕಟ್ಟಿದ್ದು, ಮೂರು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಹಿರಿಯರು ಕೆಳಗೆ ಕೂತು ನೋಡಲಿ, ನೀವು ಹತ್ತಿ ಬನ್ನಿ. ಮೇಲೆ ತಲುಪಿದಾಗ, ಇಲ್ಲಿಯವರೆಗೆ ಬರಲಾಗದೆ ಹೋದವರನ್ನೂ ಒಂದು ಕ್ಷಣ ನೆನೆಯಿರಿ.

ಗಾಡಿಯ ಕಾಗದ ಪರಿಶೀಲಿಸಲು ಜೊತೆಗೊಬ್ಬ ಬೇಕೆನಿಸಿದರೆ ಸಂಘದಲ್ಲಿ ಭಾನುವಾರ ನಾನು ಸಿಗುತ್ತೇನೆ. ಚೌಕಾಸಿಗೆ ಮಾತ್ರ ನನ್ನನ್ನು ಕರೆಯಬೇಡಿ.

ಪ್ರಯಾಣ ಸುಖಕರವಾಗಲಿ.